ನಾವು ಊಹಿಸಿದೆವು ಅಂತ ನಿಮ್ಮ ಕಥೆ ಬದಲಿಸಬೇಡಿ

ಕಾದಂಬರಿ ಬರೆಯುವವರಿಗೆ, ಸಿನಿಮಾ ನಿರ್ದೇಶಕರಿಗೆ, ಸೀಸನ್ ಮೇಲೆ ಸೀಸನ್ ಸರಣಿ ಮಾಡುವವರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಒಂದು ಗುಟ್ಟು ಇಟ್ಟುಕೊಂಡು ಕಥೆ ಕಟ್ಟುತ್ತೀರಿ. ಅಲ್ಲೊಂದು ಇಲ್ಲೊಂದು ಸುಳಿವು ಬಿಡುತ್ತೀರಿ. ನಾವು ಅದನ್ನು ಮತ್ತೆ ಮತ್ತೆ ಓದಿ, ಸೀನ್ ನಿಲ್ಲಿಸಿ ನಿಲ್ಲಿಸಿ ನೋಡಿ, ಹಿಂದಿನ ಗೋಡೆಯ ಮೇಲೆ ತೂಗುಹಾಕಿದ ಫೋಟೋದಲ್ಲಿ ಇರೋದು ಯಾರು ಅಂತ ರಾತ್ರಿಯೆಲ್ಲ ಜಗಳವಾಡಿ, ಕೊನೆಗೆ ಒಂದು ದಿನ ಗುಟ್ಟು ಹಿಡಿದುಬಿಡುತ್ತೇವೆ. ಆಗ ನಿಮಗೆ ಗಾಬರಿಯಾಗುತ್ತದೆ. ಇನ್ನೇನು ಉಳಿಯಿತು, ಎಲ್ಲರಿಗೂ ಗೊತ್ತಾಯಿತಲ್ಲ, ಬೇರೆ ಏನಾದರೂ ಮಾಡೋಣ ಅನ್ನಿಸುತ್ತದೆ.

ದಯವಿಟ್ಟು ಹಾಗೆ ಮಾಡಬೇಡಿ. ಈ ಪತ್ರ ಬರೆಯುತ್ತಿರುವುದು ಇದೊಂದನ್ನು ಕೇಳುವುದಕ್ಕೆ.

ನಿಮ್ಮಲ್ಲೇ ಒಬ್ಬರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಗೇಮ್ ಆಫ್ ಥ್ರೋನ್ಸ್' ಪುಸ್ತಕ ಬಂದದ್ದು 1996ರಲ್ಲಿ. ಅದರಲ್ಲಿ ಜಾನ್ ಸ್ನೋ ಅಂತ ಒಬ್ಬ ಹುಡುಗ. ನೆಡ್ ಸ್ಟಾರ್ಕ್‌ನ ಮಗ, ಆದರೆ ಮದುವೆಯ ಹೊರಗೆ ಹುಟ್ಟಿದವನು, ತಾಯಿ ಯಾರು ಅಂತ ನೆಡ್ ಯಾರಿಗೂ ಹೇಳುವುದಿಲ್ಲ. ಕೆಲವು ಓದುಗರು ಇಲ್ಲಿ ನಿಂತು ಯೋಚಿಸಿದರು. ನೆಡ್ ಅಷ್ಟು ನೀತಿವಂತ, ಹೆಂಡತಿಗೆ ಹೀಗೆ ಮೋಸ ಮಾಡುತ್ತಾನಾ? ಅವನ ತಂಗಿ ಲಿಯಾನಾ ಸಾಯುವಾಗ ಅವನಿಂದ ಒಂದು ಮಾತು ತೆಗೆದುಕೊಂಡಳಲ್ಲ, ಅದು ಏನು? ಅವಳ ನೆನಪು ಬಂದಾಗಲೆಲ್ಲ ನೀಲಿ ಗುಲಾಬಿ ಯಾಕೆ ಬರುತ್ತದೆ? ಇದನ್ನೆಲ್ಲ ಜೋಡಿಸಿ, ಜಾನ್ ಸ್ನೋ ನೆಡ್‌ನ ಮಗನೇ ಅಲ್ಲ, ಲಿಯಾನಾ ಮತ್ತು ರಾಜಕುಮಾರ ರೇಗರ್‌ನ ಮಗ ಅಂತ ಹೇಳಿದರು. ಪುಸ್ತಕ ಬಂದ ಒಂದೆರಡು ವರ್ಷದಲ್ಲೇ ಈ ಮಾತು ಇಂಟರ್ನೆಟ್‌ನಲ್ಲಿ ಓಡಾಡುತ್ತಿತ್ತು. ಆಮೇಲೆ ಅದು ಎಷ್ಟು ಹಬ್ಬಿತು ಅಂದರೆ ಮೂರು ಇಂಗ್ಲಿಷ್ ಅಕ್ಷರ, ಒಂದು ಪ್ಲಸ್, ಒಂದು ಈಕ್ವಲ್, 'R+L=J' ಅಂತ ಬರೆದರೆ ಸಾಕು, ಯಾವ ಥಿಯರಿ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು.

ಮಾರ್ಟಿನ್ ಬದಲಿಸಲಿಲ್ಲ. ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಈ ಪುಸ್ತಕವನ್ನು ಸರಣಿ ಮಾಡುತ್ತೇವೆ ಅಂತ ಬಂದಾಗ, ಮಾರ್ಟಿನ್ ಅವರಿಬ್ಬರನ್ನು ಕೇಳಿದ ಪ್ರಶ್ನೆಯೇ 'ಜಾನ್ ಸ್ನೋ ತಾಯಿ ಯಾರು?' ಅನ್ನೋದು. ಅಂದರೆ ಪುಸ್ತಕವನ್ನು ಸರಿಯಾಗಿ ಓದಿದವರಿಗೆ ಉತ್ತರ ಸಿಗಬೇಕು ಅಂತಲೇ ಅವರು ಬರೆದದ್ದು. ಓದುಗರು ಸರಿಯಾಗಿ ಊಹಿಸಿಬಿಟ್ಟರೆ ಏನು ಮಾಡುತ್ತೀರಿ ಅಂತ ಕೇಳಿದಾಗ ಅವರು ಕೊಟ್ಟ ಉತ್ತರದ ಸಾರ ಇದು: ಕೊಲೆ ಮಾಡಿದವನು ಬಟ್ಲರ್ ಅಂತ ಮೊದಲಿನಿಂದ ಸುಳಿವು ಬಿಟ್ಟುಕೊಂಡು ಬಂದು, ಓದುಗರಿಗೆ ಗೊತ್ತಾಯಿತು ಅಂತ ಕೊನೆಯಲ್ಲಿ ಕೆಲಸದಾಕೆಯೇ ಕೊಲೆ ಮಾಡಿದ್ದು ಅಂದರೆ ಇಡೀ ಪುಸ್ತಕ ಕೆಡುತ್ತದೆ. ಎಷ್ಟು ಸರಿ ಅಲ್ವಾ? ಆ ಸುಳಿವುಗಳೆಲ್ಲ ಹಿಂದಿನ ಪುಟಗಳಲ್ಲಿ ಅಚ್ಚಾಗಿ ಕೂತಿವೆ. ನೀವು ಉತ್ತರ ಬದಲಿಸಬಹುದು, ಪ್ರಶ್ನೆ ಬದಲಿಸೋಕೆ ಆಗಲ್ಲ.

2016ರ ಜೂನ್‌ನಲ್ಲಿ, ಸರಣಿಯ ಆರನೇ ಸೀಸನ್ನಿನ ಕೊನೆಯ ಎಪಿಸೋಡಿನಲ್ಲಿ, ಲಿಯಾನಾ ಹೆತ್ತ ಮಗುವಿನ ಮುಖ ತೋರಿಸಿ ನೇರವಾಗಿ ಜಾನ್ ಸ್ನೋ ಮುಖಕ್ಕೆ ಕಟ್ ಮಾಡಿದರು. ಆ ಹೊತ್ತಿಗೆ ಥಿಯರಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ. ಜಗತ್ತಿನಲ್ಲಿ ಇಷ್ಟು ಜನಕ್ಕೆ ಮೊದಲೇ ಗೊತ್ತಿದ್ದ ಗುಟ್ಟು ಇನ್ನೊಂದು ಇರಲಿಕ್ಕಿಲ್ಲ. ಆದರೂ ಆ ಕಟ್ ಬಂದಾಗ ಮೈ ಜುಮ್ಮೆಂದಿತು. ಗೊತ್ತಿಲ್ಲದವರಿಗಿಂತ ಗೊತ್ತಿದ್ದವರಿಗೇ ಜಾಸ್ತಿ ಜುಮ್ಮೆಂದಿತು ಅಂತ ನಾನು ಹೇಳುತ್ತೇನೆ, ಯಾಕೆಂದರೆ ನಾವು ಅಷ್ಟು ವರ್ಷ ಅದಕ್ಕೋಸ್ಕರ ವಾದ ಮಾಡಿದ್ದೆವು, ಅಲ್ಲ ಅಂದವರ ಬಾಯಿ ಮುಚ್ಚಿಸೋಕೆ ಪುಟದ ನಂಬರ್ ಸಮೇತ ಸಾಲು ಹುಡುಕಿಕೊಟ್ಟಿದ್ದೆವು, ಅದು ನಮ್ಮದೂ ಆಗಿತ್ತು.

ಈಗ ಇನ್ನೊಂದು ಕಡೆ ನೋಡಿ. 'ವೆಸ್ಟ್‌ವರ್ಲ್ಡ್' ಸರಣಿ ಶುರುವಾದದ್ದು 2016ರ ಅಕ್ಟೋಬರಿನಲ್ಲಿ. ಕಪ್ಪು ಬಟ್ಟೆಯ ಆ ಕ್ರೂರ ಮುದುಕ ಮತ್ತು ಒಳ್ಳೆಯ ಹುಡುಗ ವಿಲಿಯಂ ಇಬ್ಬರೂ ಒಬ್ಬರೇ, ನಾವು ನೋಡುತ್ತಿರುವುದು ಎರಡು ಬೇರೆ ಬೇರೆ ಕಾಲ ಅಂತ ನೋಡುಗರು ಕೆಲವೇ ವಾರದಲ್ಲಿ ಹೇಳಿಬಿಟ್ಟರು. ಸೀಸನ್ನಿನ ಕೊನೆಯ ಎಪಿಸೋಡಿನಲ್ಲಿ ಅದೇ ನಿಜವಾಯಿತು. ಅದು ಒಳ್ಳೆಯ ಸೀಸನ್, ಈಗಲೂ ನನಗೆ ಇಷ್ಟ. ಆದರೆ ಮುಂದಿನ ವರ್ಷ, ಆ ಸರಣಿ ಮಾಡಿದವರಲ್ಲಿ ಒಬ್ಬರಾದ ಜೊನಾಥನ್ ನೋಲನ್ ಒಂದು ಮಾತು ಹೇಳಿದ್ದು ಸುದ್ದಿಯಾಯಿತು: ಎರಡನೇ ಸೀಸನ್ನಿನ ಮೂರನೇ ಎಪಿಸೋಡಿನ ಟ್ವಿಸ್ಟನ್ನು ರೆಡಿಟ್‌ನವರು ಆಗಲೇ ಕಂಡುಹಿಡಿದಿದ್ದಾರೆ, ಹಾಗಾಗಿ ಅದನ್ನು ಬದಲಿಸುತ್ತಿದ್ದೇವೆ ಅಂತ. ಅದನ್ನು ಓದಿದಾಗ ನನಗೆ ಬೇಜಾರಾಯಿತು. ಎರಡನೇ ಸೀಸನ್ ನೋಡಿದಾಗ ಇನ್ನೂ ಜಾಸ್ತಿ ಬೇಜಾರಾಯಿತು. ಕಾಲವನ್ನು ಅಷ್ಟು ತುಂಡು ತುಂಡು ಮಾಡಿದ್ದರು, ಯಾವುದು ಮೊದಲು ಯಾವುದು ಆಮೇಲೆ ಅಂತ ಹುಡುಕುವುದರಲ್ಲೇ ಎಪಿಸೋಡ್ ಮುಗಿಯುತ್ತಿತ್ತು, ಪಾತ್ರದ ಜೊತೆ ಒಂದು ಕ್ಷಣ ಇರೋಕೆ ಬಿಡುತ್ತಿರಲಿಲ್ಲ. ಕಥೆ ಹೇಳುವುದಕ್ಕಿಂತ ನಮ್ಮಿಂದ ತಪ್ಪಿಸಿಕೊಳ್ಳುವುದೇ ಮುಖ್ಯವಾಯಿತೇನೋ ಅನ್ನಿಸಿತು. ಬರೆಯುವವರು ನೋಡುಗರನ್ನು ಎದುರಾಳಿ ಅಂತ ಎಣಿಸಿದರೆ ಹೀಗಾಗುತ್ತದೆ ಅನ್ನೋದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೆ ಇರಬಹುದು.

ಗುಟ್ಟು ಕಾಪಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಕಾಪಾಡಿ. ದಾರಿ ತಪ್ಪಿಸಬೇಕಾದರೂ ತಪ್ಪಿಸಿ. ಆದರೆ ಕಥೆಯನ್ನು ಬಿಟ್ಟು ಬೇರೆ ಏನಾದರೂ ಮಾಡಿ. 'ಗ್ರಾವಿಟಿ ಫಾಲ್ಸ್' ಅನ್ನೋ ಕಾರ್ಟೂನ್ ಮಾಡಿದ ಅಲೆಕ್ಸ್ ಹಿರ್ಷ್ ಮಾಡಿದ್ದು ನನಗೆ ತುಂಬಾ ಇಷ್ಟ. ಆ ಕಥೆಯಲ್ಲಿ ನಿಗೂಢ ಡೈರಿಗಳಿವೆ, ಅವನ್ನು ಬರೆದವನು ಯಾರು ಅನ್ನೋದೇ ದೊಡ್ಡ ಪ್ರಶ್ನೆ. ಕಥೆಯಲ್ಲಿರುವ ಮಕ್ಕಳ ತಾತನ ಸೋದರ, ಮುದುಕ ಸ್ಟ್ಯಾನ್‌ಗೆ ಒಬ್ಬ ಅವಳಿ ಇದ್ದಾನೆ, ಬರೆದವನು ಅವನೇ ಅಂತ ಫ್ಯಾನ್‌ಗಳು ಹಿಡಿದುಬಿಟ್ಟರು. ಹಿರ್ಷ್ 2013ರಲ್ಲಿ ಏನು ಮಾಡಿದರು ಗೊತ್ತಾ? ಬೇರೆ ಪಾತ್ರವೊಂದು ಆ ಡೈರಿ ಬರೆಯುತ್ತಿರುವ ಹಾಗೆ ಒಂದು ಸುಳ್ಳು ಚಿತ್ರ ತಯಾರಿಸಿ, ಅದು ಸ್ಟುಡಿಯೋದಿಂದ ಲೀಕ್ ಆದಂತೆ ಹರಿಯಬಿಟ್ಟರು. ಸಾಲದ್ದಕ್ಕೆ ತಮಗೆ ಸಿಟ್ಟು ಬಂದಿದೆ ಅನ್ನೋ ಥರ ಒಂದು ಟ್ವೀಟ್ ಹಾಕಿ ತಕ್ಷಣ ಅಳಿಸಿದರು. ಜನ ನಂಬಿದರು. 2015ರಲ್ಲಿ ಎಪಿಸೋಡ್ ಬಂದಾಗ ಅವಳಿಯೇ ಹೊರಗೆ ಬಂದ. ಕಥೆಯಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ನಮ್ಮ ಜೊತೆ ಆಟ ಆಡಿದರು, ಆದರೆ ಆಟದ ನಿಯಮ ಮುರಿಯಲಿಲ್ಲ.

ನಮ್ಮ ಕರಾವಳಿ, ಮಲೆನಾಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತಾಳಮದ್ದಳೆ ಕೇಳಿ ಬೆಳೆದವರು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅದು ಎಂದೋ ಬರೆದಿಟ್ಟದ್ದು. ಆ ಪದ್ಯದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ರಾಮನನ್ನು ಎಷ್ಟು ಹೊತ್ತು ಬೇಕಾದರೂ ಕೇಳಬಹುದು, ಮೂಲದಲ್ಲಿಲ್ಲದ ಪ್ರಶ್ನೆ ಎತ್ತಬಹುದು, ರಾಮ ಆಡಿದವರು ಉತ್ತರಕ್ಕೆ ತಡಕಾಡುವಂತೆ ಮಾಡಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಕೇಳಲೆಂದೇ ಜನ ರಾತ್ರಿಯಿಡೀ ಕೂರುತ್ತಿದ್ದರು. ಆದರೆ ವಾದದಲ್ಲಿ ಎಷ್ಟೇ ಗೆದ್ದರೂ ವಾಲಿ ಸಾಯಲೇಬೇಕು. ಪದ್ಯ ಬದಲಾಗುವುದಿಲ್ಲ. ವಾಲಿ ಸಾಯುತ್ತಾನೆ ಅಂತ ಗೊತ್ತಿದೆ ಅಂದುಕೊಂಡು ಯಾರೂ ಎದ್ದು ಮನೆಗೆ ಹೋಗುವುದಿಲ್ಲ. ಹಾಗೇ, ನಿಮ್ಮ ಪದ್ಯ ನಿಮ್ಮದು. ಅರ್ಥ ಹೇಳುವುದಕ್ಕೆ ನಮಗೆ ಜಾಗ ಕೊಡಿ. ನಮ್ಮ ಅರ್ಥಕ್ಕೆ ಹೆದರಿ ಪದ್ಯ ತಿದ್ದಬೇಡಿ.

ಬಾಹುಬಲಿಯನ್ನೇ ತೆಗೆದುಕೊಳ್ಳಿ. 2015ರ ಜುಲೈಯಿಂದ 2017ರ ಏಪ್ರಿಲ್‌ವರೆಗೆ ಇಡೀ ದೇಶಕ್ಕೆ ಒಂದೇ ಪ್ರಶ್ನೆ, ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ? ಕಟ್ಟಪ್ಪ ಸಿಂಹಾಸನಕ್ಕೆ ಕಟ್ಟುಬಿದ್ದ ಆಳು ಅಂತ ಮೊದಲ ಭಾಗದಲ್ಲೇ ಹೇಳಿದ್ದರು. ಅಪ್ಪಣೆಯಾಗಿರಬೇಕು, ಅದಕ್ಕೇ ಕೊಂದ ಅಂತ ಯೋಚಿಸೋದು ಕಷ್ಟವೇನೂ ಆಗಿರಲಿಲ್ಲ. ಉತ್ತರವೂ ಹೆಚ್ಚುಕಡಿಮೆ ಅದೇ. ಜನ ಬಂದರು, ಮತ್ತೆ ಮತ್ತೆ ಬಂದರು. ಶಿವಗಾಮಿ ಯಾವ ಸಂಕಟದಲ್ಲಿ ಆ ಅಪ್ಪಣೆ ಕೊಟ್ಟಳು, ಕಟ್ಟಪ್ಪನ ಕೈ ಹೇಗೆ ನಡುಗಿತು, ಅದನ್ನು ನೋಡೋಕೆ ಬಂದರು.

ಇನ್ನು ಊಹೆಗೆ ಹೆದರುವುದಕ್ಕಿಂತ ಕೆಟ್ಟದ್ದು ಒಂದಿದೆ. ಸಿನಿಮಾ ಸಿನಿಮಾಕ್ಕೆ ಉತ್ತರ ಬದಲಿಸೋದು. 'ಸ್ಟಾರ್ ವಾರ್ಸ್'ನ 2015ರ ಚಿತ್ರದಲ್ಲಿ ರೇ ಅನ್ನೋ ಹುಡುಗಿಯ ಅಪ್ಪ ಅಮ್ಮ ಯಾರು ಅನ್ನೋದನ್ನು ಹೇಳದೆ ಪ್ರಶ್ನೆಯಾಗಿಯೇ ಬಿಟ್ಟರು. ಹಿಂದಿನ ಚಿತ್ರಗಳ ನಾಯಕ ಲೂಕ್‌ನ ಮಗಳು, ಅವನ ಗುರು ಓಬಿವಾನ್‌ನ ಮೊಮ್ಮಗಳು, ಖಳನಾಯಕ ಪಾಲ್ಪಟೀನ್‌ನ ಮೊಮ್ಮಗಳು ಅಂತ ಥಿಯರಿಗಳ ಮಳೆಯೇ ಸುರಿಯಿತು. 2017ರ ಚಿತ್ರ ಬಂತು, ಅವರು ಯಾರೂ ಅಲ್ಲ, ಕುಡಿಯೋ ದುಡ್ಡಿಗೆ ಮಗಳನ್ನು ಮಾರಿದ ಸಾಮಾನ್ಯ ಜನ ಅಂದಿತು. ನಮ್ಮ ಊಹೆಗಳೆಲ್ಲ ಮಣ್ಣುಪಾಲಾದವು, ಆದರೆ ಅದು ದಿಟ್ಟ ಉತ್ತರ. ದೊಡ್ಡ ಮನೆತನದಲ್ಲಿ ಹುಟ್ಟದವಳೂ ನಾಯಕಿ ಆಗಬಹುದು ಅನ್ನೋ ಮಾತಿತ್ತು ಅದರಲ್ಲಿ. 2019ರಲ್ಲಿ ಮತ್ತೊಂದು ಚಿತ್ರ ಬಂದು, ಇಲ್ಲ ಇಲ್ಲ, ಅವಳು ಪಾಲ್ಪಟೀನ್‌ನ ಮೊಮ್ಮಗಳೇ ಅಂದಿತು. ಆ ಥಿಯರಿ ನಂಬಿದ್ದವರಿಗೂ ಅದು ಗೆದ್ದ ಹಾಗೆ ಅನ್ನಿಸಲಿಲ್ಲ. ಯಾಕೆಂದರೆ ಅವರು ಸುಳಿವು ಹುಡುಕಿ ಗೆದ್ದಿರಲಿಲ್ಲ, ನೀವು ಮನಸ್ಸು ಬದಲಿಸಿದ್ದಿರಿ. ಮುಂದೆ ಯಾವ ಸುಳಿವನ್ನು ನಂಬಿ ಊಹೆ ಮಾಡೋದು ಹೇಳಿ?

'ಸ್ಟಾರ್ ವಾರ್ಸ್' ಮಾಡುವ ಲ್ಯೂಕಸ್‌ಫಿಲ್ಮ್ ಕಂಪನಿಯೇ 2014ರ ಏಪ್ರಿಲ್‌ನಲ್ಲಿ, ಅದಕ್ಕೂ ಮೊದಲು ಬಂದಿದ್ದ ನೂರಾರು ಕಾದಂಬರಿ, ಕಾಮಿಕ್‌ಗಳು ಇನ್ನು ಮುಂದೆ ಕ್ಯಾನನ್ ಅಲ್ಲ, ಅಧಿಕೃತ ಕಥೆಗೆ ಸೇರಿದ್ದಲ್ಲ, ಅವು ಬರೀ 'ಲೆಜೆಂಡ್ಸ್' ಅಂತ ಘೋಷಿಸಿತು. ಹೊಸ ಸಿನಿಮಾ ಮಾಡೋಕೆ ಜಾಗ ಬೇಕಿತ್ತು, ಅರ್ಥವಾಗುತ್ತದೆ. ಆದರೆ ಎರಡೇ ವರ್ಷಕ್ಕೆ ಅದರಲ್ಲಿದ್ದ ಥ್ರಾನ್ ಅನ್ನೋ ಪಾತ್ರವನ್ನು ಕಾರ್ಟೂನ್ ಸರಣಿಗೆ ವಾಪಸ್ ಕರೆತರಬೇಕಾಯಿತು. ಜನ ಪ್ರೀತಿಸಿದ ಪಾತ್ರ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ನಿಮಗೂ ನಮಗೂ ಈ ಸಂಬಂಧ ಹೊಸದೇನೂ ಅಲ್ಲ. ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡೇಟು ಬಿದ್ದದ್ದು ಒಂದು ಕಡೆ ಭುಜಕ್ಕೆ, ಇನ್ನೊಂದು ಕಡೆ ಕಾಲಿಗೆ. ವಾಟ್ಸನ್‌ನ ಹೆಸರು ಜಾನ್, ಆದರೆ ಒಂದು ಕಥೆಯಲ್ಲಿ ಹೆಂಡತಿಯೇ ಅವನನ್ನು ಜೇಮ್ಸ್ ಅನ್ನುತ್ತಾಳೆ. ಡಾಯ್ಲ್ ಬರೆಯುವ ಗಡಿಬಿಡಿಯಲ್ಲಿ ಮರೆತರು, ಅಷ್ಟೇ. ಓದುಗರು ಸುಮ್ನೆ ಬಿಡಲಿಲ್ಲ. 1911ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಯುವಕ ಈ ಕಥೆಗಳನ್ನೆಲ್ಲ ಧರ್ಮಗ್ರಂಥ ಓದುವವರ ಗಾಂಭೀರ್ಯದಲ್ಲಿ ಬಿಡಿಸಿ ನೋಡಿದ ಪ್ರಬಂಧ ಓದಿದ. ಡಾಯ್ಲ್ ಅವನಿಗೆ ಕಾಗದ ಬರೆದು, ಇಂಥ ವಿಷಯಕ್ಕೆ ಇಷ್ಟು ಶ್ರಮ ಪಟ್ಟಿದ್ದೀರಲ್ಲ ಅಂತ ಅಚ್ಚರಿಪಟ್ಟರು. ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಡೊರೊತಿ ಸೇಯರ್ಸ್ ಜೇಮ್ಸ್ ವಿಷಯಕ್ಕೆ ಒಂದು ಮುದ್ದಾದ ಉತ್ತರ ಹುಡುಕಿದರು. ವಾಟ್ಸನ್‌ನ ಹೆಸರಿನ ಮಧ್ಯೆ 'ಎಚ್' ಅನ್ನೋ ಅಕ್ಷರ ಇದೆಯಲ್ಲ, ಅದು ಹೇಮಿಷ್ ಇರಬೇಕು, ಅದು ಸ್ಕಾಟ್ಲೆಂಡ್‌ನಲ್ಲಿ ಜೇಮ್ಸ್‌ಗೆ ಇರುವ ಹೆಸರು, ಹೆಂಡತಿ ಪ್ರೀತಿಯಿಂದ ಹಾಗೆ ಕರೆದಳು ಅಂತ. ಡಾಯ್ಲ್ ಇದನ್ನು ಎಲ್ಲೂ ಬರೆದಿಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಬಿಬಿಸಿಯ 'ಷರ್ಲಾಕ್' ಸರಣಿಯಲ್ಲಿ ವಾಟ್ಸನ್‌ನ ಪೂರ್ತಿ ಹೆಸರು ಜಾನ್ ಹೇಮಿಷ್ ವಾಟ್ಸನ್ ಆಯಿತು. ಲೇಖಕರ ಒಂದು ಮರೆವು, ಓದುಗರ ಒಂದು ಊಹೆ, ಮುಂದಿನ ತಲೆಮಾರಿನ ಕಥೆಯೊಳಗೆ ಸೇರಿಕೊಂಡಿತು. ಇದಕ್ಕಿಂತ ಚಂದದ ಗೌರವ ಇದೆಯಾ?

ಅದೇ ಸರಣಿ ನಮಗೆ ನೋವನ್ನೂ ಕೊಟ್ಟಿದೆ. 2012ರ ಜನವರಿಯಲ್ಲಿ ಷರ್ಲಾಕ್ ಆಸ್ಪತ್ರೆಯ ಮಾಳಿಗೆಯಿಂದ ಹಾರಿದ. ಹೇಗೆ ಬದುಕಿದ ಅಂತ ಜನ ಎರಡು ವರ್ಷ ಲೆಕ್ಕ ಹಾಕಿದರು. ಕಸದ ಲಾರಿ ಎಲ್ಲಿತ್ತು, ಸೈಕಲ್ ಸವಾರ ವಾಟ್ಸನ್‌ಗೆ ಡಿಕ್ಕಿ ಹೊಡೆದದ್ದು ಯಾಕೆ, ಕೈಯಲ್ಲಿದ್ದ ರಬ್ಬರ್ ಚೆಂಡು ಏನಕ್ಕೆ. 2014ರ ಹೊಸ ವರ್ಷದ ದಿನ ಉತ್ತರ ಬರಬೇಕಿತ್ತು. ಬಂದದ್ದು ಮೂರು ಬೇರೆ ಬೇರೆ ಉತ್ತರ, ಯಾವುದೂ ಖಚಿತ ಅಲ್ಲ, ಜೊತೆಗೆ ಥಿಯರಿ ಕಟ್ಟುವವರದ್ದೇ ಒಂದು ಕ್ಲಬ್ ಕಥೆಯೊಳಗೆ ಇಟ್ಟು ಅವರನ್ನು ಸ್ವಲ್ಪ ಪೆದ್ದರ ಹಾಗೆ ತೋರಿಸಿದರು. ಕೆಲವರು ಅದನ್ನು ಪ್ರೀತಿಯ ತಮಾಷೆ ಅನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಪ್ರಶ್ನೆ ಹಾಕಿದವರು ನೀವು. ಅದನ್ನು ಗಂಭೀರವಾಗಿ ತೆಗೆದುಕೊಂಡವರನ್ನು ನಗೆಪಾಟಲು ಮಾಡೋದು ಸರಿಯಲ್ಲ.

ಹಾಗಂತ ಎಲ್ಲ ಪ್ರಶ್ನೆಗೂ ಉತ್ತರ ಕೊಡಿ ಅಂತಲೂ ನಾನು ಕೇಳುತ್ತಿಲ್ಲ. 1982ರ 'ಬ್ಲೇಡ್ ರನ್ನರ್'ನಲ್ಲಿ ಡೆಕರ್ಡ್ ಮನುಷ್ಯನೋ ಯಂತ್ರಮಾನವನೋ? ನಿರ್ದೇಶಕ ರಿಡ್ಲಿ ಸ್ಕಾಟ್ ಯಂತ್ರಮಾನವ ಅನ್ನುತ್ತಾರೆ. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಮನುಷ್ಯ ಅಂತ ವಾದಿಸುತ್ತಿದ್ದರು. 2017ರಲ್ಲಿ ಬಂದ ಮುಂದಿನ ಭಾಗವೂ ಅದನ್ನು ಬಗೆಹರಿಸಲಿಲ್ಲ, ಬಗೆಹರಿಸದೆ ಇದ್ದದ್ದೇ ಒಳ್ಳೆಯದಾಯಿತು. ತೆರೆದು ಬಿಡಬೇಕಾದ್ದನ್ನು ತೆರೆದೇ ಬಿಡಿ. ಸಂದರ್ಶನದಲ್ಲೋ ಟ್ವೀಟಿನಲ್ಲೋ ಬಂದು ಬಾಗಿಲು ಮುಚ್ಚಬೇಡಿ. ಜೆ. ಕೆ. ರೋಲಿಂಗ್ 2007ರ ಜುಲೈನಲ್ಲಿ ಹ್ಯಾರಿ ಪಾಟರ್‌ನ ಕೊನೆಯ ಪುಸ್ತಕ ತಂದರು, ಅಕ್ಟೋಬರಿನಲ್ಲಿ ಒಂದು ಸಭೆಯಲ್ಲಿ, ಹ್ಯಾರಿಯ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಸಲಿಂಗಿ ಅಂದರು. ಅದು ನಿಜವಾಗಿಯೂ ಆ ಪಾತ್ರದ ಸತ್ಯವಾಗಿದ್ದರೆ ಪುಸ್ತಕದಲ್ಲಿ ಸ್ಪಷ್ಟವಾಗಿ ಇರಬೇಕಿತ್ತು, ಆ ಹೊತ್ತಿನಲ್ಲಿ ಅದನ್ನು ಓದಿ ಧೈರ್ಯ ತಂದುಕೊಳ್ಳುವ ಎಷ್ಟೋ ಮಕ್ಕಳು ಇದ್ದರು. ಅದೇ ರೋಲಿಂಗ್ 2015ರಲ್ಲಿ, ಆ ಕೊನೆಯ ಪುಸ್ತಕದೊಳಗಿರುವ ಮೂವರು ಅಣ್ಣತಮ್ಮಂದಿರ ಕಥೆಯಲ್ಲಿ ಬರುವ ಸಾವೇ ಡಂಬಲ್‌ಡೋರ್ ಅನ್ನೋ ಫ್ಯಾನ್ ಥಿಯರಿ ತನಗೆ ಇಷ್ಟ, ಅದು ಸುಂದರವಾಗಿದೆ, ಹೊಂದುತ್ತದೆ ಅಂದರು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ನಮಗೆ ಬೇಕಾದದ್ದು ಅಷ್ಟೇ.

ನಮ್ಮ ಕಡೆಯವರಿಗೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಒಂದೇ ಕಡೆ ವಾಲಿದಂತಾಗುತ್ತದೆ. ಥಿಯರಿ ಸುಳ್ಳಾದಾಗ ನಾವು ಚೆನ್ನಾಗಿ ನಡೆದುಕೊಳ್ಳುವುದಿಲ್ಲ. 2021ರಲ್ಲಿ 'ವಾಂಡಾವಿಷನ್' ಬಂದಾಗ ಪ್ರತಿ ವಾರ ಮಾರ್ವೆಲ್ ಕಾಮಿಕ್‌ಗಳ ರಾಕ್ಷಸ ಮೆಫಿಸ್ಟೋ ಬರುತ್ತಾನೆ ಅಂತ ಕಾದರು, ಬರಲಿಲ್ಲ, ಬರುತ್ತಾನೆ ಅಂತ ಸರಣಿ ಎಲ್ಲೂ ಮಾತು ಕೊಟ್ಟಿರಲಿಲ್ಲ, ಆದರೂ ಮೋಸವಾಯಿತು ಅಂತ ಕೂಗಾಡಿದರು. ಅಲ್ಲಿದ್ದದ್ದು ಗಂಡನನ್ನು ಕಳೆದುಕೊಂಡ ಹೆಂಗಸಿನ ದುಃಖದ ಕಥೆ, ಅದನ್ನು ಬಿಟ್ಟು ಇಲ್ಲದ ರಾಕ್ಷಸನನ್ನು ಹುಡುಕಿದೆವು. 2017ರಲ್ಲಿ 'ಷರ್ಲಾಕ್' ನಾಲ್ಕನೇ ಸೀಸನ್ ಮುಗಿದ ಮೇಲೂ ಕೆಲವರು, ಇನ್ನೊಂದು ರಹಸ್ಯ ಎಪಿಸೋಡ್ ಇದೆ, ನೋಡಿದ್ದೆಲ್ಲ ಬರೀ ನಾಟಕ ಅಂತ ನಂಬಿದ್ದರು. ಊಹೆ ಮಾಡುವ ಹಕ್ಕು ನಮಗಿದೆ, ಅದು ನಿಜವಾಗಲೇಬೇಕು ಅನ್ನುವ ಹಕ್ಕಿಲ್ಲ. ಬರೆದವರನ್ನು ಬೈದು, ಅವರ ಮನೆಯವರನ್ನೂ ಬಿಡದೆ ಕಾಡುವವರ ಪರ ನಾನು ಮಾತಾಡುತ್ತಿಲ್ಲ.

ಈಗ ನಮ್ಮ ಕನ್ನಡದವರ ವಿಷಯ. 'ಕೆಜಿಎಫ್' ಎರಡನೇ ಭಾಗ 2022ರ ಏಪ್ರಿಲ್ 14ಕ್ಕೆ ಬಂತು. ರಾಕಿ ಚಿನ್ನದ ಜೊತೆ ಸಮುದ್ರದಲ್ಲಿ ಮುಳುಗಿದ. ಮೂರನೇ ಭಾಗದ ಆಸೆಯನ್ನೂ ಕೊನೆಯಲ್ಲಿ ಹುಟ್ಟಿಸಿ ಹೋದರು. ಅವನು ಬದುಕಿದ್ದಾನಾ ಇಲ್ಲವಾ ಅಂತ ಅಂದಿನಿಂದ ಚರ್ಚೆ ನಡೆದೇ ಇದೆ. ನನಗೆ ಅದಕ್ಕಿಂತ ಇಷ್ಟವಾದ ಥಿಯರಿ ಬೇರೆ. ಈ ಕಥೆಯನ್ನು ನಾವು ನೇರವಾಗಿ ನೋಡುತ್ತಿಲ್ಲ, ಆನಂದ್ ಇಂಗಳಗಿ ಬರೆದ ಪುಸ್ತಕದಿಂದ ಕೇಳುತ್ತಿದ್ದೇವೆ. ಎರಡನೇ ಭಾಗದಲ್ಲಿ ಹೇಳುವವನು ಅವನ ಮಗ. ಹಾಗಾದರೆ ರಾಕಿ ಒಬ್ಬನೇ ಅಷ್ಟು ಜನರನ್ನು ಹೊಡೆದದ್ದು, ಅಮ್ಮನ ಮಾತುಗಳು, ಎಲ್ಲ ನಿಜವಾಗಿ ನಡೆದದ್ದಾ, ಅಥವಾ ಇಂಗಳಗಿ ತನ್ನ ನಾಯಕನನ್ನು ದೊಡ್ಡವನು ಮಾಡಿ ಬರೆದನಾ? ಪ್ರಶಾಂತ್ ನೀಲ್ ಅವರೇ, ನಿಮ್ಮ ಮನಸ್ಸಿನಲ್ಲಿ ಇದಕ್ಕೆ ಏನು ಉತ್ತರ ಇದೆಯೋ ನನಗೆ ಬೇಡ, ಈಗಲೇ ಹೇಳಬೇಡಿ. ಮೂರನೇ ಭಾಗ ಮಾಡಿದರೆ ಮೊದಲು ಅಂದುಕೊಂಡದ್ದನ್ನೇ ಮಾಡಿ. ಅದು ಯಾರೋ ಒಬ್ಬ ಹುಡುಗ ಕೋಲಾರದಲ್ಲೋ ಕಲಬುರಗಿಯಲ್ಲೋ ಕೂತು ಆಗಲೇ ಹೇಳಿಬಿಟ್ಟ ಉತ್ತರವೇ ಆಗಿದ್ದರೆ, ಅವನು ಮೊದಲ ದಿನ ಮೊದಲ ಶೋಗೆ ಊರಿನವರನ್ನೆಲ್ಲ ಕರೆದುಕೊಂಡು ಬರುತ್ತಾನೆ.

ಮಾರ್ಟಿನ್ ಅವರ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದಕ್ಕೆ ನಾವೆಲ್ಲ ಕಾಯುತ್ತಲೇ ಇದ್ದೇವೆ. ಜಾನ್ ಸ್ನೋ ತಾಯಿ ಯಾರು ಅಂತ ನಮಗೆ ಗೊತ್ತು, ಪುಸ್ತಕದಲ್ಲಿ ಅದನ್ನು ಅವರು ಯಾವ ಪುಟದಲ್ಲಿ, ಯಾರ ಬಾಯಿಂದ ಹೇಳಿಸುತ್ತಾರೆ ಅನ್ನೋದು ಗೊತ್ತಿಲ್ಲ. ಅದಕ್ಕೋಸ್ಕರ ದುಡ್ಡು ಕೊಟ್ಟು ಆ ಪುಸ್ತಕ ಕೊಳ್ಳುವವರಲ್ಲಿ ನಾನೂ ಒಬ್ಬ.

ಇಂತಿ,
ನಿಮ್ಮ ಕಥೆಗಳನ್ನು ಎರಡೆರಡು ಸಲ ಓದುವ ಒಬ್ಬ ಓದುಗ